ಲಿಂಕನ್ ಸಹಿ ಹಾಕುವ ಮೊದಲೇ ಹೊರಟವರು

ಪ್ರಶ್ನೆ: ನಾನು ನವಲಗುಂದ ಕಡೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಅಮೆರಿಕದ ಅಂತರ್ಯುದ್ಧದ ಪಾಠದಲ್ಲಿ "ಲಿಂಕನ್ ಗುಲಾಮರನ್ನು ಬಿಡುಗಡೆ ಮಾಡಿದರು" ಎಂದು ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಒಬ್ಬ ಹುಡುಗಿ ಎದ್ದು ನಿಂತು, "ಯುದ್ಧ ನಾಕ್ ವರ್ಷ ನಡೀತಲ್ರೀ ಸರ್, ಅಲ್ಲೀತನಕ ಆ ಗುಲಾಮರು ಏನ್ ಮಾಡಾಕತ್ತಿದ್ರು?" ಎಂದು ಕೇಳಿದಳು. ನನ್ನಲ್ಲಿ ಉತ್ತರ ಇರಲಿಲ್ಲ. ಸೈನಿಕರು, ಊರಿನ ಜನ, ಗುಲಾಮರು ಆ ನಾಲ್ಕು ವರ್ಷ ಹೇಗೆ ಬದುಕಿದರು? ಇನ್ನೊಂದು ಮಾತು: ಆ ಯುದ್ಧದಿಂದ ನಮ್ಮ ಕಡೆ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು ಎಂದು ಹಿರಿಯರು ಹೇಳುತ್ತಿದ್ದರು. ಅದು ನಿಜವೇ?

ಉತ್ತರ: ಮೇಷ್ಟ್ರೇ, ಆ ಹುಡುಗಿ ಕೇಳಿದ ಪ್ರಶ್ನೆಯನ್ನು ಇತಿಹಾಸಕಾರರೇ ಬಹಳ ಕಾಲ ಕೇಳಿಕೊಂಡಿರಲಿಲ್ಲ. ಅವಳಿಗೆ ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಗುಲಾಮರು ಕಾಯುತ್ತಾ ಕೂತಿರಲಿಲ್ಲ. ಅವರು ನಡೆದರು, ಈಜಿದರು, ದೋಣಿ ಹತ್ತಿದರು, ಕೊನೆಗೆ ಬಂದೂಕು ಹಿಡಿದರು. ಯುದ್ಧ ಶುರುವಾದಾಗ ಲಿಂಕನ್ನರ ಗುರಿ ಬೇರೆಯೇ ಇತ್ತು. ಅದು ಬದಲಾಗಲು ದೊಡ್ಡ ಕಾರಣ ಹೀಗೆ ಎದ್ದು ಹೊರಟ ಜನರೇ ಎಂಬುದು ನನ್ನ ನಂಬಿಕೆ.

ಮೊದಲು ಒಂದು ಶಬ್ದದ ವಿಚಾರ. ನಮ್ಮ ಮಕ್ಕಳಿಗೆ ಗುಲಾಮ ಎಂದಕೂಡಲೇ ಜೀತದಾಳು ನೆನಪಾಗುತ್ತಾನೆ. ಜೀತ ಕ್ರೂರವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಜೀತದಲ್ಲಿ ಸಾಲದ ನೆಪವಾದರೂ ಇರುತ್ತದೆ. ಅಮೆರಿಕದ ದಕ್ಷಿಣದಲ್ಲಿ ಮನುಷ್ಯನೇ ಆಸ್ತಿ. ಅವನನ್ನು ಮಾರಬಹುದು, ಅಡವಿಡಬಹುದು, ಮಗಳ ಮದುವೆಗೆ ಉಡುಗೊರೆ ಕೊಡಬಹುದು. ತಾಯಿ ಗುಲಾಮಳಾಗಿದ್ದರೆ ಹುಟ್ಟಿದ ಕೂಸೂ ಯಜಮಾನನದ್ದೇ. 1860ರ ಜನಗಣತಿಯಲ್ಲಿ ಅಂಥವರ ಸಂಖ್ಯೆ ಸುಮಾರು 39.5 ಲಕ್ಷ, ಇಡೀ ದೇಶದ ಜನಸಂಖ್ಯೆ ಮೂರು ಕೋಟಿ ಹದಿನಾಲ್ಕು ಲಕ್ಷದಷ್ಟು.

ಆ ವರ್ಷದ ಚುನಾವಣೆಯಲ್ಲಿ ಲಿಂಕನ್ ಗೆದ್ದರು. ಹೊಸ ಪ್ರದೇಶಗಳಿಗೆ ಗುಲಾಮಗಿರಿ ಹರಡಬಾರದು ಎನ್ನುವುದು ಅವರ ಪಕ್ಷದ ನಿಲುವು. ದಕ್ಷಿಣದ ರಾಜ್ಯಗಳು ಒಂದೊಂದಾಗಿ ಒಕ್ಕೂಟ ಬಿಟ್ಟು ಹೊರನಡೆದವು, ಕೊನೆಗೆ ಹನ್ನೊಂದಾದವು. ಅವು ರಾಜ್ಯಗಳ ಹಕ್ಕಿಗಾಗಿ ಹೋರಾಡಿದವು ಎಂದು ಇಂದಿಗೂ ಕೆಲವರು ವಾದಿಸುತ್ತಾರೆ. ಆದರೆ ಆ ರಾಜ್ಯಗಳು ಕಟ್ಟಿಕೊಂಡ ಹೊಸ ಸರ್ಕಾರದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್ 21ರಂದು ಸವಾನಾ ನಗರದಲ್ಲಿ ತುಂಬಿದ ಸಭೆಗೆ ಹೇಳಿದ್ದೇ ಬೇರೆ. ಕರಿಯನು ಬಿಳಿಯನಿಗೆ ಸಮನಲ್ಲ, ಗುಲಾಮಗಿರಿಯೇ ಅವನ ಸಹಜ ಸ್ಥಿತಿ, ನಮ್ಮ ಸರ್ಕಾರದ ಮೂಲೆಗಲ್ಲು ಇದೇ ಎಂದರು. ಇನ್ನು ಲಿಂಕನ್, ಅಧಿಕಾರ ಸ್ವೀಕರಿಸಿದ ದಿನ, ಗುಲಾಮಗಿರಿ ಈಗಾಗಲೇ ಇರುವ ರಾಜ್ಯಗಳಲ್ಲಿ ಅದಕ್ಕೆ ಕೈಹಾಕುವುದಿಲ್ಲ ಎಂದು ಮಾತು ಕೊಟ್ಟಿದ್ದರು. ಒಬ್ಬರು ಗುಲಾಮಗಿರಿ ಉಳಿಸಲು ಹೊರಟವರು, ಇನ್ನೊಬ್ಬರು ದೇಶ ಒಡೆಯದಂತೆ ನೋಡಿಕೊಳ್ಳಲು ಹೊರಟವರು. ಗುಲಾಮರ ಬಿಡುಗಡೆ ಆಗ ಯಾವ ಸರ್ಕಾರದ ಕಾರ್ಯಕ್ರಮವೂ ಆಗಿರಲಿಲ್ಲ.

ಅದು ಹೇಗೆ ಯುದ್ಧದ ನಡುವೆ ಬಂತು ಎನ್ನುವುದಕ್ಕೆ 1861ರ ಮೇ 23ರ ರಾತ್ರಿಗೆ ಹೋಗಬೇಕು. ವರ್ಜೀನಿಯಾ ಒಕ್ಕೂಟ ಬಿಡಲು ಮತ ಹಾಕಿದ ದಿನವೇ ಅದು. ಫ್ರಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್‌ಸೆಂಡ್ ಎಂಬ ಮೂವರು ಗುಲಾಮರನ್ನು ದಕ್ಷಿಣದ ಸೈನ್ಯ ಫಿರಂಗಿ ನೆಲೆ ಕಟ್ಟುವ ಕೆಲಸಕ್ಕೆ ಹಚ್ಚಿತ್ತು. ಅವರ ಯಜಮಾನ ಆ ಸೈನ್ಯದ ಕರ್ನಲ್. ಹೆಂಡತಿ ಮಕ್ಕಳಿಂದ ದೂರ, ನಾರ್ತ್ ಕೆರೊಲಿನಾಕ್ಕೆ ತಮ್ಮನ್ನು ಕಳಿಸುತ್ತಾರೆ ಎಂಬ ಸುದ್ದಿ ಕಿವಿಗೆ ಬಿತ್ತು. ಮೂವರೂ ಕತ್ತಲಲ್ಲಿ ಸಣ್ಣ ದೋಣಿ ಹತ್ತಿ, ಹುಟ್ಟು ಹಾಕುತ್ತಾ ಕೊಲ್ಲಿ ದಾಟಿ, ಒಕ್ಕೂಟದ, ಅಂದರೆ ಲಿಂಕನ್ನರ ಕಡೆಯ, ಸೈನ್ಯದ ಕೈಯಲ್ಲಿದ್ದ ಮನ್ರೋ ಕೋಟೆಯ ಬಾಗಿಲಿಗೆ ಬಂದರು. ಅದೇ ನೆಲದ ತುದಿಯಲ್ಲಿ 1619ರಲ್ಲಿ, ಇಂಗ್ಲಿಷರ ವರ್ಜೀನಿಯಾಕ್ಕೆ ತಂದ ಮೊದಲ ಆಫ್ರಿಕನ್ನರನ್ನು ಹಡಗಿನಿಂದ ಇಳಿಸಿದ್ದರು.

ಕೋಟೆಯ ಜನರಲ್ ಬೆಂಜಮಿನ್ ಬಟ್ಲರ್ ಮೂಲದಲ್ಲಿ ವಕೀಲ, ಗುಲಾಮಗಿರಿಯ ವಿರುದ್ಧ ಹೋರಾಡಿದವನೇನೂ ಅಲ್ಲ. ಮರುದಿನ ಎದುರು ಪಕ್ಷದ ಮೇಜರ್ ಒಬ್ಬ ಬಿಳಿ ಬಾವುಟ ಹಿಡಿದು ಬಂದು, ಓಡಿಹೋದ ಗುಲಾಮರನ್ನು ಮರಳಿಸಬೇಕೆಂದು ನಿಮ್ಮ ದೇಶದ ಕಾನೂನೇ ಹೇಳುತ್ತದಲ್ಲ, ಕೊಡಿ ಎಂದ. ನಿಮ್ಮದು ಬೇರೆ ದೇಶ ಎಂದು ನೀವೇ ಹೇಳಿಕೊಂಡ ಮೇಲೆ ನಮ್ಮ ಕಾನೂನು ನಿಮಗೆ ಹೇಗೆ ಅನ್ವಯಿಸುತ್ತದೆ ಎಂದು ಬಟ್ಲರ್ ತಿರುಗಿ ಕೇಳಿದ. ಯುದ್ಧದಲ್ಲಿ ಶತ್ರು ಬಳಸುವ ಸಾಮಗ್ರಿಯನ್ನು ಜಪ್ತಿ ಮಾಡುವುದು ವಾಡಿಕೆ. ಇವರನ್ನು ನೀವು ಆಸ್ತಿ ಎನ್ನುತ್ತೀರಿ, ಕೋಟೆ ಕಟ್ಟಲು ಬಳಸಿದ್ದೀರಿ, ಹಾಗಾಗಿ ಜಪ್ತಿ ಮಾಡಿದ್ದೇನೆ ಎಂದ. ಮನುಷ್ಯರನ್ನು ಮಾಲು ಎಂದೇ ಕರೆದು ಅವರನ್ನು ಉಳಿಸಿದ ಈ ವಾದ ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದರೂ ಬಾಗಿಲು ತೆರೆಯಿತು. ಕೆಲವೇ ದಿನಗಳಲ್ಲಿ ಹತ್ತಾರು ಜನ, ಕೆಲವೇ ವಾರಗಳಲ್ಲಿ ನೂರಾರು ಜನ ಅಲ್ಲಿಗೆ ಬಂದರು. ಕೈಕೂಸು ಎತ್ತಿಕೊಂಡ ಹೆಂಗಸರು, ದುಡಿಯಲಾರದ ಮುದುಕರೂ ಬಂದರು. ಮೂರು ಜನ ಹುಟ್ಟು ಹಾಕಿದ್ದರಿಂದ ಎದ್ದ ಪ್ರಶ್ನೆಗೆ ಸಂಸತ್ತು ಉತ್ತರ ಕೊಡಲೇಬೇಕಾಯಿತು. ಶತ್ರು ಸೈನ್ಯದ ಕೆಲಸಕ್ಕೆ ಬಳಸಿದ ಗುಲಾಮರ ಮೇಲೆ ಯಜಮಾನನಿಗೆ ಹಕ್ಕಿಲ್ಲವೆಂಬ ಕಾಯಿದೆ 1861ರ ಆಗಸ್ಟ್‌ನಲ್ಲಿ ಬಂತು. ರಾಜಧಾನಿ ವಾಷಿಂಗ್ಟನ್‌ನಲ್ಲಿ ಗುಲಾಮಗಿರಿ 1862ರ ಏಪ್ರಿಲ್‌ನಲ್ಲಿ ಕೊನೆಯಾಯಿತು. 1863ರ ಜನವರಿ 1ರಂದು ಲಿಂಕನ್ನರ ವಿಮೋಚನಾ ಘೋಷಣೆ ಜಾರಿಗೆ ಬಂತು.

ಘೋಷಣೆಯನ್ನು ಮಕ್ಕಳಿಗೆ ಹೇಳುವಾಗ ಒಂದು ಎಚ್ಚರ ಇರಲಿ. ಅದು ದಂಗೆಯೆದ್ದ ಪ್ರದೇಶಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಒಕ್ಕೂಟದಲ್ಲೇ ಉಳಿದಿದ್ದ ಕೆಂಟಕಿ, ಮಿಸೌರಿ, ಮೇರಿಲ್ಯಾಂಡ್, ಡೆಲವೇರ್‌ಗಳ ಗುಲಾಮರು ಗುಲಾಮರಾಗಿಯೇ ಉಳಿದರು. ಆದರೆ ಅದರಲ್ಲಿದ್ದ ಒಂದು ಸಾಲು, ಕರಿಯರನ್ನು ಸೈನ್ಯಕ್ಕೆ ತೆಗೆದುಕೊಳ್ಳಬಹುದು ಎನ್ನುವುದು, ಯುದ್ಧದ ದಿಕ್ಕನ್ನೇ ತಿರುಗಿಸಿತು.

ಆ ಹೊತ್ತಿಗಾಗಲೇ ಕೇಳದೆಯೇ ಯುದ್ಧಕ್ಕೆ ಇಳಿದವರೂ ಇದ್ದರು. ರಾಬರ್ಟ್ ಸ್ಮಾಲ್ಸ್‌ನ ಕಥೆಯನ್ನು ತರಗತಿಯಲ್ಲಿ ಹೇಳಿ ನೋಡಿ, ಮಕ್ಕಳು ಅಲ್ಲಾಡದೆ ಕೇಳುತ್ತಾರೆ. ಇಪ್ಪತ್ಮೂರು ವರ್ಷದ ಗುಲಾಮ. ಚಾರ್ಲ್ಸ್‌ಟನ್ ಬಂದರಿನಲ್ಲಿ ದಕ್ಷಿಣದ ಸೈನ್ಯದ 'ಪ್ಲಾಂಟರ್' ಎಂಬ ಉಗಿಹಡಗಿನ ಚುಕ್ಕಾಣಿ ಹಿಡಿಯುತ್ತಿದ್ದವನು. 1862ರ ಮೇ 13ರ ನಸುಕಿನಲ್ಲಿ, ಬಿಳಿ ಅಧಿಕಾರಿಗಳು ದಡದಲ್ಲಿ ಮಲಗಿದ್ದಾಗ, ಉಳಿದ ಗುಲಾಮ ಖಲಾಸಿಗಳ ಜೊತೆ ಸೇರಿ ಹಡಗು ಹೊರಡಿಸಿದ. ಇನ್ನೊಂದು ಕಟ್ಟೆಯಲ್ಲಿ ಹೆಂಡತಿ ಮಕ್ಕಳನ್ನೂ ಬೇರೆ ಕುಟುಂಬದವರನ್ನೂ ಹತ್ತಿಸಿಕೊಂಡ. ಮುಂದೆ ಕೋಟೆಗಳ ಸಾಲು. ಕ್ಯಾಪ್ಟನ್ನನ ಹುಲ್ಲಿನ ಟೋಪಿ ತಲೆಗಿಟ್ಟು, ಅವನು ನಿಲ್ಲುವಂತೆಯೇ ನಿಂತು, ಪ್ರತಿ ಕೋಟೆಯ ಎದುರು ಅವನು ಹಾಕುವ ಸೀಟಿಯನ್ನೇ ಹಾಕುತ್ತಾ ಸಾಗಿದ. ಫಿರಂಗಿಯ ಎಟುಕು ದಾಟಿದ ಮೇಲೆ ದಕ್ಷಿಣದ ಬಾವುಟ ಇಳಿಸಿ ಹಾಸಿಗೆಯ ಬಿಳಿ ಚಾದರ ಏರಿಸಿದರು. ಒಕ್ಕೂಟದ ನೌಕೆ ಗುಂಡು ಹಾರಿಸುವ ಮೊದಲು ಅದು ಕಣ್ಣಿಗೆ ಬಿತ್ತು. ಹದಿನಾರು ಜನ ಆ ಬೆಳಗಿನಲ್ಲಿ ಸ್ವತಂತ್ರರಾದರು. ಮುಂದೆ ಸ್ಮಾಲ್ಸ್ ತನ್ನ ಹಳೆಯ ಯಜಮಾನನ ಮನೆಯನ್ನೇ ಖರೀದಿಸಿದ, ಸಂಸತ್ತಿನ ಸದಸ್ಯನೂ ಆದ.

ಎಲ್ಲರಿಗೂ ಹಡಗು ಸಿಗುವುದಿಲ್ಲವಲ್ಲ. ಸುಮಾರು ನಾಲ್ಕರಿಂದ ಐದು ಲಕ್ಷ ಜನ ಒಕ್ಕೂಟದ ಸೈನ್ಯದ ಕಡೆಗೆ ತಪ್ಪಿಸಿಕೊಂಡು ಬಂದರೆಂದು ಅಂದಾಜು. ಉಳಿದವರು ಹೊಲಗಳಲ್ಲೇ ಇದ್ದರು. ಯಜಮಾನ ಯುದ್ಧಕ್ಕೆ ಹೋಗಿ ಮನೆಯೊಡತಿಯ ಕೈಗೆ ಆಡಳಿತ ಬಂದಾಗ ಕೆಲಸ ನಿಧಾನವಾಯಿತು, ಏಟಿಗೆ ಮೊದಲಿನ ಹೆದರಿಕೆ ಉಳಿಯಲಿಲ್ಲ. ಸೈನ್ಯ ಎಲ್ಲಿಗೆ ಬಂದಿದೆ ಎಂಬ ಸುದ್ದಿ ಅಡುಗೆಮನೆಯಿಂದ ಗುಡಿಸಲಿಗೆ, ಗುಡಿಸಲಿನಿಂದ ಪಕ್ಕದ ತೋಟಕ್ಕೆ ರಾತ್ರೋರಾತ್ರಿ ತಲುಪುತ್ತಿತ್ತು. ಅನೇಕ ಯಜಮಾನರು ಗುಲಾಮರು ಕೈತಪ್ಪಬಾರದೆಂದು ಅವರನ್ನು ಟೆಕ್ಸಾಸ್‌ವರೆಗೆ ಹೊಡೆದುಕೊಂಡು ಹೋದರು. ಇನ್ನು ಸಾವಿರಾರು ಜನರನ್ನು ದಕ್ಷಿಣದ ಸೈನ್ಯ ಕಂದಕ ತೋಡಲು, ಆಸ್ಪತ್ರೆಯಲ್ಲಿ ದುಡಿಯಲು, ಕಬ್ಬಿಣದ ಕಾರ್ಖಾನೆಗಳಿಗೆ ಒಯ್ದಿತು. ತಮ್ಮನ್ನು ಗುಲಾಮರಾಗಿಯೇ ಇಡಲು ನಡೆದ ಯುದ್ಧಕ್ಕೆ ಅವರ ಬೆವರೇ ಬೇಕಾಗಿತ್ತು.

ಇನ್ನು ಸೈನಿಕರು. ಸತ್ತವರ ಸಂಖ್ಯೆ 6,20,000 ಎಂದು ಹಳೆಯ ಪುಸ್ತಕಗಳಲ್ಲಿದೆ. ಜನಗಣತಿಯ ಲೆಕ್ಕ ಹಿಡಿದು ಮಾಡಿದ ಹೊಸ ಅಂದಾಜುಗಳು ಅದನ್ನು ಏಳು ಲಕ್ಷದ ಆಚೀಚೆಗೆ ಒಯ್ಯುತ್ತವೆ. ಅವರಲ್ಲಿ ಮೂರರಲ್ಲಿ ಎರಡು ಪಾಲು ಸತ್ತದ್ದು ಭೇದಿ, ವಿಷಮಶೀತ ಜ್ವರ, ದಡಾರ, ಮಲೇರಿಯಾಗಳಿಂದ. ಹಳ್ಳಿಯ ಹುಡುಗರು ಮೊದಲ ಸಲ ಸಾವಿರ ಜನರ ನಡುವೆ ಮಲಗಿದಾಗ, ಶೌಚದ ಗುಂಡಿಯೂ ಕುಡಿಯುವ ನೀರೂ ಪಕ್ಕದಲ್ಲೇ ಇದ್ದಾಗ ಆಗುವುದೇ ಆಯಿತು. ಕಲ್ಲಿನಂಥ ಬಿಸ್ಕತ್ತನ್ನು ಬಿಸಿ ಕಾಫಿಯಲ್ಲಿ ಅದ್ದಿ, ಒಳಗಿನ ಹುಳು ಮೇಲೆ ತೇಲಿದ ಮೇಲೆ ಅದನ್ನು ತೆಗೆದು ತಿನ್ನುತ್ತಿದ್ದರು. ಮೆದು ಸೀಸದ ಗುಂಡು ಎಲುಬಿಗೆ ತಾಗಿದರೆ ಎಲುಬು ಪುಡಿಯಾಗುತ್ತಿತ್ತು, ಕೈಕಾಲು ಕತ್ತರಿಸುವುದು ಬಿಟ್ಟು ವೈದ್ಯರಿಗೆ ದಾರಿ ಇರಲಿಲ್ಲ.

ಕರಿಯ ಸೈನಿಕರಿಗೆ ಇದರ ಮೇಲೆ ಇನ್ನೊಂದು ಹೊರೆ. ಭೂಸೈನ್ಯದಲ್ಲಿ ಅವರು ಸುಮಾರು 1,79,000 ಜನ, ಅಂದರೆ ಒಕ್ಕೂಟದ ಸೈನ್ಯದ ಹತ್ತರಲ್ಲಿ ಒಂದು ಪಾಲು. ನೌಕಾಪಡೆಯಲ್ಲಿ ಇನ್ನೂ ಹತ್ತೊಂಬತ್ತು ಸಾವಿರದಷ್ಟು. ಬಿಳಿಯ ಸೈನಿಕನಿಗೆ ತಿಂಗಳಿಗೆ 13 ಡಾಲರ್. ಇವರಿಗೆ 10 ಡಾಲರ್, ಅದರಲ್ಲೂ ಬಟ್ಟೆಗೆಂದು 3 ಮುರಿದುಕೊಂಡು ಕೈಗೆ 7. ಮ್ಯಾಸಚೂಸೆಟ್ಸ್‌ನ 54ನೇ ರೆಜಿಮೆಂಟಿನವರು ದಕ್ಷಿಣದವರ ವ್ಯಾಗ್ನರ್ ಕೋಟೆಯ ಮೇಲೆ ನುಗ್ಗಿ ತಮ್ಮ ಅನೇಕರನ್ನು ಕಳೆದುಕೊಂಡವರು. ಅವರು ಈ ಅರೆ ಸಂಬಳವನ್ನು ಮುಟ್ಟಲೇ ಇಲ್ಲ. ಮನೆಯಲ್ಲಿ ಮಕ್ಕಳು ಹಸಿದಿದ್ದರೂ ತಿಂಗಳುಗಟ್ಟಲೆ ಹಾಗೆಯೇ ದುಡಿದರು. ಸೌತ್ ಕೆರೊಲಿನಾದ ಕರಿಯರ ತುಕಡಿಯೊಂದರ ಸಾರ್ಜೆಂಟ್ ವಿಲಿಯಂ ವಾಕರ್ 1863ರ ನವೆಂಬರ್‌ನಲ್ಲಿ ತನ್ನ ಜನರನ್ನು ಕರ್ನಲ್‌ನ ಡೇರೆಯ ಮುಂದೆ ಕರೆತಂದು ಬಂದೂಕುಗಳನ್ನು ಕೆಳಗಿಡಿಸಿದ. ಮಾತು ಕೊಟ್ಟ ಸಂಬಳ ಕೊಡದ ಸರ್ಕಾರಕ್ಕೆ ದುಡಿಯುವುದಿಲ್ಲ ಎಂದ. ಅದನ್ನು ದಂಗೆ ಎಂದು ಪರಿಗಣಿಸಿ 1864ರ ಫೆಬ್ರವರಿ 29ರಂದು ಗುಂಡಿಟ್ಟು ಕೊಂದರು. ಸಮಾನ ವೇತನದ ಕಾಯಿದೆ ಆದದ್ದು ಅದೇ ವರ್ಷದ ಜೂನ್‌ನಲ್ಲಿ. ನಾಲ್ಕು ತಿಂಗಳು ಮೊದಲೇ ಆಗಿದ್ದರೆ ಎಂದು ಈಗಲೂ ಮನಸ್ಸು ಕುದಿಯುತ್ತದೆ.

ಸೆರೆಸಿಕ್ಕರೆ ಅವರ ಗತಿ ಇನ್ನೂ ಘೋರ. ದಕ್ಷಿಣದವರು ಕರಿಯ ಸೈನಿಕರನ್ನು ಯುದ್ಧಕೈದಿಗಳೆಂದು ಒಪ್ಪಲಿಲ್ಲ, ಓಡಿಹೋದ ಆಸ್ತಿ ಎಂದರು. 1864ರ ಏಪ್ರಿಲ್ 12ರಂದು ಟೆನೆಸಿಯ ಪಿಲೊ ಕೋಟೆಯಲ್ಲಿ ಶರಣಾಗಲು ಬಂದವರನ್ನೂ ಕೊಂದರು. ಕರಿಯರನ್ನೂ ಬಿಳಿಯರಂತೆಯೇ ಮರಳಿಸಿ ಎಂದು ಒಕ್ಕೂಟ ಪಟ್ಟು ಹಿಡಿಯಿತು, ದಕ್ಷಿಣ ಒಪ್ಪಲಿಲ್ಲ, ಕೈದಿಗಳ ವಿನಿಮಯ ಕುಸಿದುಬಿತ್ತು. ಅದರ ಫಲವನ್ನು ಬಿಳಿಯ ಸೈನಿಕರೂ ಉಂಡರು: ಜಾರ್ಜಿಯಾದ ಆಂಡರ್ಸನ್‌ವಿಲ್ ಎಂಬ ಬಯಲು ಸೆರೆಮನೆಯಲ್ಲಿ ಹದಿನಾಲ್ಕು ತಿಂಗಳಲ್ಲಿ ಸುಮಾರು 45,000 ಜನರನ್ನು ಕೂಡಿಹಾಕಿದ್ದರು, ಅವರಲ್ಲಿ ಹದಿಮೂರು ಸಾವಿರದಷ್ಟು ಜನ ಅಲ್ಲೇ ಸತ್ತರು.

ಊರಿನ ಜನರ ಪಾಡನ್ನು ನೋಡಬೇಕಾದರೆ ಅಡುಗೆಮನೆಗೆ ಹೋಗಬೇಕು. ಒಕ್ಕೂಟದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಉಪ್ಪು ಸಿಗದೆ, ಮಾಂಸಕ್ಕೆ ಹೊಗೆ ಹಾಕುವ ಕೋಣೆಯ ನೆಲ ಅಗೆದು, ಆ ಮಣ್ಣನ್ನು ಕುದಿಸಿ ಉಪ್ಪು ತೆಗೆದರು. ಕಾಫಿಗೆ ಬದಲು ಬೆಂಡೆಯ ಬೀಜ, ಗೆಣಸು ಹುರಿದರು. 1863ರ ಏಪ್ರಿಲ್ 2ರಂದು ದಕ್ಷಿಣದ ರಾಜಧಾನಿ ರಿಚ್ಮಂಡ್‌ನಲ್ಲಿ ನೂರಾರು ಹೆಂಗಸರು ರೊಟ್ಟಿ ಬೇಕೆಂದು ಬೀದಿಗಿಳಿದು ಅಂಗಡಿಗಳನ್ನು ಒಡೆದರು. ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸ್ ಬಂದು ಜೇಬಿನಲ್ಲಿದ್ದ ಚಿಲ್ಲರೆಯನ್ನು ಅವರತ್ತ ಎರಚಿ, ಚದುರದಿದ್ದರೆ ಗುಂಡು ಹಾರಿಸುವುದಾಗಿ ಹೆದರಿಸಿದರು. ಆ ಹೆಂಗಸರಲ್ಲಿ ಅನೇಕರ ಗಂಡಂದಿರು ಯುದ್ಧಭೂಮಿಯಲ್ಲಿದ್ದರು. ಇಪ್ಪತ್ತು ಅಥವಾ ಅದಕ್ಕೂ ಹೆಚ್ಚು ಗುಲಾಮರಿದ್ದ ತೋಟಕ್ಕೆ ಒಬ್ಬ ಬಿಳಿಯನಿಗೆ ಸೈನ್ಯದಿಂದ ವಿನಾಯಿತಿ ಸಿಗುತ್ತಿತ್ತು. ಯುದ್ಧ ಸಿರಿವಂತರದ್ದು, ಸಾಯುವ ಪಾಳಿ ಬಡವರದ್ದು ಎಂಬ ಮಾತು ಹುಟ್ಟಿದ್ದು ಹಾಗೆ. ಉತ್ತರದಲ್ಲೂ 300 ಡಾಲರ್ ಕಟ್ಟಿದವನು ಸೈನ್ಯದಿಂದ ತಪ್ಪಿಸಿಕೊಳ್ಳಬಹುದಿತ್ತು. ಆ ಸಿಟ್ಟು 1863ರ ಜುಲೈನಲ್ಲಿ ನ್ಯೂಯಾರ್ಕ್‌ನಲ್ಲಿ ಗಲಭೆಯಾಗಿ ಸ್ಫೋಟಿಸಿತು. ಆದರೆ ತಿರುಗಿದ್ದು ಯಾರ ಮೇಲೆ? ಬಿಳಿಯರ ಗುಂಪು ಕರಿಯರನ್ನು ಬೀದಿದೀಪದ ಕಂಬಕ್ಕೆ ನೇತುಹಾಕಿತು, ಕರಿಯ ಮಕ್ಕಳ ಅನಾಥಾಲಯವನ್ನು ಸುಟ್ಟಿತು. ಮಕ್ಕಳನ್ನು ಹಿಂದಿನ ಬಾಗಿಲಿನಿಂದ ಹೊರಗೆ ಕರೆದೊಯ್ದಿದ್ದರಿಂದ ಅವರು ಬದುಕಿದರು.

ನಿಮ್ಮ ಹತ್ತಿಯ ಪ್ರಶ್ನೆಗೂ ಈ ದಿಗ್ಬಂಧನವೇ ಉತ್ತರ. ನಿಮ್ಮ ಹಿರಿಯರು ಹೇಳಿದ್ದು ನಿಜ. ಲ್ಯಾಂಕಾಶೈರ್‌ನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲು ಅಮೆರಿಕದ ಗುಲಾಮರು ಬಿಡಿಸಿದ್ದೇ. ಅದು ನಿಂತುಹೋದಾಗ ಗಿರಣಿಗಳ ಕಣ್ಣು ಭಾರತದತ್ತ ತಿರುಗಿತು. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ತಳಿಯ ಹತ್ತಿಯನ್ನು ಬೆಳೆಸಲಾಗಿತ್ತು, ಅದಕ್ಕಾಗಿ ಕಂಪನಿ ಸರ್ಕಾರ ಅಮೆರಿಕದಿಂದ ತೋಟಗಾರರನ್ನೂ ಕರೆಸಿತ್ತು. ಯುದ್ಧದ ವರ್ಷಗಳಲ್ಲಿ ಬೆಲೆ ಹಲವು ಪಟ್ಟು ಏರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ, ಧಾರವಾಡದ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರದಿಂದ ಹಡಗಿಗೇರಿಸುವ ಲೆಕ್ಕಾಚಾರವೂ ಇತ್ತು. 1865ರಲ್ಲಿ ಯುದ್ಧ ಮುಗಿದದ್ದೇ ಬೆಲೆ ಕುಸಿಯಿತು, ಮುಂಬಯಿಯ ಷೇರು ಪೇಟೆ ಮಗುಚಿಬಿತ್ತು. ನಿಮ್ಮೂರಿನ ಎರೆ ಹೊಲಕ್ಕೂ ಮಿಸಿಸಿಪ್ಪಿಯ ತೋಟಕ್ಕೂ ನಡುವೆ ಹೀಗೊಂದು ನೂಲು ಇತ್ತು. ಅದನ್ನು ಮಕ್ಕಳಿಗೆ ತಪ್ಪದೆ ಹೇಳಿ.

ಈಗ ನನ್ನನ್ನು ಬಹಳ ಕಾಡಿದ ಒಂದು ದಾಖಲೆ. ಕೆಂಟಕಿಯಲ್ಲಿ ಗುಲಾಮಗಿರಿ ಇನ್ನೂ ಇತ್ತೆಂದು ಹೇಳಿದೆನಲ್ಲ. ಅಲ್ಲಿ ಸೈನ್ಯ ಸೇರಿದ ಗಂಡಸು ಸ್ವತಂತ್ರ, ಅವನ ಹೆಂಡತಿ ಮಕ್ಕಳು ಮಾತ್ರ ಗುಲಾಮರೇ. ಜೋಸೆಫ್ ಮಿಲ್ಲರ್ ಎಂಬಾತ 1864ರ ಶರತ್ಕಾಲದಲ್ಲಿ ಒಕ್ಕೂಟದ ಸೈನ್ಯದ ನೆಲ್ಸನ್ ಶಿಬಿರದಲ್ಲಿ ಸೈನಿಕನಾದ. ಮನೆಯಲ್ಲೇ ಬಿಟ್ಟರೆ ಯಜಮಾನ ಸುಮ್ಮನಿರುವುದಿಲ್ಲವೆಂದು ಹೆಂಡತಿಯನ್ನೂ ನಾಲ್ಕು ಮಕ್ಕಳನ್ನೂ ಜೊತೆಗೆ ಕರೆತಂದಿದ್ದ. ನವೆಂಬರ್‌ನ ಕೊನೆಯ ವಾರ, ಕೊರೆಯುವ ಚಳಿ. ಶಿಬಿರದಲ್ಲಿದ್ದ ಸುಮಾರು ನಾನೂರು ಹೆಂಗಸರು ಮಕ್ಕಳನ್ನು ಹೊರಹಾಕಲು ಜನರಲ್ ಸ್ಪೀಡ್ ಫ್ರೈ ಆಜ್ಞೆ ಮಾಡಿದ. ಮಿಲ್ಲರ್‌ನ ಒಬ್ಬ ಮಗ ಕಾಯಿಲೆಯಿಂದ ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದ. ಈ ಚಳಿಗೆ ಹೊರಗೆ ಒಯ್ದರೆ ಮಗು ಉಳಿಯುವುದಿಲ್ಲ, ನಾನು ಅಮೆರಿಕದ ಸೈನಿಕ ಎಂದು ಬೇಡಿಕೊಂಡ. ಗಾಡಿ ಹತ್ತದಿದ್ದರೆ ಒಬ್ಬರನ್ನೂ ಬಿಡದೆ ಗುಂಡು ಹಾರಿಸುತ್ತೇನೆ ಎಂದ ಕಾವಲಿನವನು. ಅಂದು ರಾತ್ರಿ ಮಿಲ್ಲರ್ ನಡೆದುಕೊಂಡೇ ಹುಡುಕುತ್ತಾ ಹೋಗಿ, ಆರು ಮೈಲಿ ದೂರದ ಊರಿನ ಹಳೆಯ ಪ್ರಾರ್ಥನಾ ಮಂದಿರದಲ್ಲಿ ಹೆಂಡತಿ ಮಕ್ಕಳನ್ನು ಕಂಡ. ಮಗ ಸತ್ತಿದ್ದ. ರಾತ್ರಿಯೇ ಶಿಬಿರಕ್ಕೆ ಮರಳಬೇಕಿತ್ತು, ಮರಳಿದ. ಬೆಳಗ್ಗೆ ಮತ್ತೆ ಆರು ಮೈಲಿ ನಡೆದು ಹೋಗಿ, ತಾನೇ ಗುಂಡಿ ತೋಡಿ ಮಗನನ್ನು ಮಣ್ಣುಮಾಡಿದ. ಇದೆಲ್ಲ ಅವನು ಅಧಿಕಾರಿಯ ಮುಂದೆ ಕೊಟ್ಟ ಹೇಳಿಕೆಯಲ್ಲಿದೆ.

ಹೊರಹಾಕಿದವರಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಕೆಲವೇ ವಾರಗಳಲ್ಲಿ ಮಿಲ್ಲರ್‌ನ ಉಳಿದ ಕುಟುಂಬವೂ, ಕೊನೆಗೆ ಅವನೂ ತೀರಿಕೊಂಡರು. ಆದರೆ ಆ ಹೇಳಿಕೆ ಪತ್ರಿಕೆಗಳನ್ನು ತಲುಪಿತು, ವಾಷಿಂಗ್ಟನ್ನಿನಲ್ಲಿ ಗದ್ದಲವೆದ್ದಿತು, ಆಜ್ಞೆಯನ್ನು ಹಿಂತೆಗೆದುಕೊಂಡರು. 1865ರ ಮಾರ್ಚ್ 3ರಂದು ಸೈನಿಕರ ಹೆಂಡತಿ ಮಕ್ಕಳೆಲ್ಲ ಸ್ವತಂತ್ರರು ಎಂಬ ಕಾಯಿದೆ ಬಂತು. ಸೈನಿಕ, ನಾಗರಿಕ, ಗುಲಾಮ ಎಂದು ನೀವು ಮೂರು ಗುಂಪಾಗಿ ಕೇಳಿದಿರಿ. ಮಿಲ್ಲರ್‌ನ ಒಂದು ಸಂಸಾರದೊಳಗೆ ಮೂರೂ ಇದ್ದವು.

ಬಿಡುಗಡೆಯಾದವರಿಗೆ ಏನು ಬೇಕಿತ್ತು ಎಂದೂ ಮಕ್ಕಳು ಕೇಳಿಯಾರು. 1865ರ ಜನವರಿ 12ರಂದು ಸವಾನಾದಲ್ಲಿ ಒಕ್ಕೂಟದ ಸೈನ್ಯದ ಜನರಲ್ ಶರ್ಮನ್ ಇಪ್ಪತ್ತು ಕರಿಯ ಮುಖಂಡರನ್ನು ಕರೆಸಿ ಅದನ್ನೇ ಕೇಳಿದ. ಅವರ ಪರವಾಗಿ ಮಾತಾಡಿದವರು ಗ್ಯಾರಿಸನ್ ಫ್ರೇಜರ್ ಎಂಬ 67 ವರ್ಷದ ಪಾದ್ರಿ. ಸಾವಿರ ಡಾಲರ್ ಕೊಟ್ಟು ತನ್ನನ್ನೂ ಹೆಂಡತಿಯನ್ನೂ ತಾನೇ ಬಿಡಿಸಿಕೊಂಡಿದ್ದವರು. ನಮಗೆ ಭೂಮಿ ಬೇಕು, ನಮ್ಮ ದುಡಿಮೆಯಿಂದಲೇ ಅದನ್ನು ಉತ್ತು ಬಿತ್ತಿ ಬದುಕುತ್ತೇವೆ ಎಂದರು. ಉಳುವವನೇ ಹೊಲದೊಡೆಯ ಎಂಬ ಮಾತು ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕೇ ದಿನದಲ್ಲಿ ಶರ್ಮನ್ ಆಜ್ಞೆ ಹೊರಡಿಸಿ, ಕರಾವಳಿಯ ಜಮೀನನ್ನು ಕುಟುಂಬಕ್ಕೆ ನಲವತ್ತು ಎಕರೆಯವರೆಗೆ ಹಂಚಲು ಹೇಳಿದ. ಸುಮಾರು 40,000 ಜನ ಅಲ್ಲಿ ನೆಲೆನಿಂತು ಬಿತ್ತನೆ ಮಾಡಿದರು. ಲಿಂಕನ್ನರ ಕೊಲೆಯಾಗಿ ಆಂಡ್ರ್ಯೂ ಜಾನ್ಸನ್ ಅಧ್ಯಕ್ಷರಾದ ಮೇಲೆ, ಅದೇ ವರ್ಷ, ಹೆಚ್ಚಿನ ಜಮೀನು ಹಳೆಯ ಯಜಮಾನರ ಕೈಗೆ ಮರಳಿತು. 1865ರ ಡಿಸೆಂಬರ್‌ನಲ್ಲಿ ಸಂವಿಧಾನದ 13ನೇ ತಿದ್ದುಪಡಿ ಗುಲಾಮಗಿರಿಯನ್ನು ದೇಶದಾದ್ಯಂತ ರದ್ದು ಮಾಡಿತು, ಜಮೀನಿನ ಮಾತು ಅದರಲ್ಲಿರಲಿಲ್ಲ.

ಯುದ್ಧ ನಿಂತ ಮೇಲೆ ಆ ಜನ ಮಾಡಿದ ಮೊದಲ ಕೆಲಸಗಳಲ್ಲೊಂದು, ಮಾರಾಟವಾಗಿ ಹೋದ ತಮ್ಮವರನ್ನು ಹುಡುಕುವುದು. ಕರಿಯರ ಪತ್ರಿಕೆಗಳಲ್ಲಿ ದಶಕಗಳ ಕಾಲ, 1900 ದಾಟಿದ ಮೇಲೂ, ಸಣ್ಣ ಜಾಹೀರಾತುಗಳು ಬರುತ್ತಿದ್ದವು. ತಾಯಿಯ ಹೆಸರು, ಅವಳನ್ನು ಮಾರಿದ ಯಜಮಾನನ ಹೆಸರು, ಕೊಂಡ ವ್ಯಾಪಾರಿಯ ಹೆಸರು, ಕೊನೆಯ ಸಲ ನೋಡಿದ ಊರು, ಆಗ ತನಗೆಷ್ಟು ವಯಸ್ಸು. ಚರ್ಚಿನಲ್ಲಿ ಇದನ್ನು ಗಟ್ಟಿಯಾಗಿ ಓದಿ ಎಂದು ಪಾದ್ರಿಗಳಿಗೆ ಕೋರಿಕೆ. ಓದು ಬಾರದವರು ಬೇರೆಯವರಿಂದ ಬರೆಸುತ್ತಿದ್ದರು. ಹಾಗೆ ಹುಡುಕಿ ಸಿಕ್ಕವರು ಕೆಲವರೇ.